ಬೆಳಕು ತಳ್ಳುತ್ತದೆ ಅಂತ ತೋರಿಸಲು ಯಾವ ಮಾದರಿ ಮಾಡಿಸೋಣ?

ವಿಜ್ಞಾನ ವಸ್ತು ಪ್ರದರ್ಶನದ ಸುತ್ತೋಲೆ ಶಾಲೆಗೆ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ದಾವಣಗೆರೆ ಸುತ್ತಮುತ್ತಲಿನ ಶಾಲೆಗಳ ಟೀಚರುಗಳು ಕೇಳುತ್ತಾರೆ. ಕೆಲವು ಸಲ ಮಕ್ಕಳ ತಂದೆ ತಾಯಿಯೂ ಕೇಳುತ್ತಾರೆ. "ಮೇಡಂ, ನಮ್ಮ ಹುಡುಗಿ ಬಿಸಿಲಿನಾಗೆ ಓಡೋ ನೌಕೆ ಮಾಡ್ತೀನಿ ಅಂತಾಳ್ರಿ. ಏನು ತರಿಸೋಣ?" ಚಂದ್ರಯಾನ-3, ಆದಿತ್ಯ-ಎಲ್1 ನೋಡಿದ ಮೇಲೆ ಮಕ್ಕಳಿಗೆ ಬಾಹ್ಯಾಕಾಶದ ಹುಚ್ಚು ಹಿಡಿದಿದೆ. ಅದರಲ್ಲೂ ಇಂಧನವೇ ಇಲ್ಲದೆ, ಬರೀ ಬೆಳಕಿನ ತಳ್ಳಿಗೆ ಮುಂದೆ ಹೋಗುವ ಸೌರ ಹಾಯಿ ಅಂದರೆ ಅವರ ಕಣ್ಣು ಅರಳುತ್ತವೆ.

ಇದನ್ನು ತೋರಿಸಲು ಐದು ದಾರಿಗಳಿವೆ. ಐದನ್ನೂ ನಾನು ಮಕ್ಕಳ ಜೊತೆ ಕೂತು ಮಾಡಿಸಿದ್ದೇನೆ. ಗಾಜಿನ ಬುರುಡೆಯೊಳಗೆ ತಿರುಗುವ ಗಿರಗಿಟ್ಲೆ, ಚೆಂಡು ಮತ್ತು ಗಾಡಿ, ಮಡಿಸಿ ಬಿಚ್ಚುವ ಹಾಯಿ, ಸೋಲಾರ್ ಪ್ಯಾನೆಲ್ ಕೂರಿಸಿದ ಗಾಡಿ, ಕೊನೆಗೆ ಹಗ್ಗ ಮತ್ತು ಮಂಡಕ್ಕಿ. ಯಾವುದು ಯಾರಿಗೆ ಸರಿ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಆರಿಸುವ ಮೊದಲು ನೋಡಬೇಕಾದದ್ದು

ನನ್ನ ಮೊದಲ ಪ್ರಶ್ನೆ ಒಂದೇ. ಮಾದರಿ ನಿಜ ಹೇಳುತ್ತದಾ? ಮೇಜಿನ ಮೇಲೆ ಏನೋ ತಿರುಗಿದರೆ ನೋಡುವವರಿಗೆ ಖುಷಿ. ಆದರೆ ಅದು ತಿರುಗುವ ಕಾರಣ ಬೇರೆ, ಮಗು ಹೇಳುವ ಕಾರಣ ಬೇರೆ ಆದರೆ ಆ ಮಗುವಿಗೆ ನಾವು ಅನ್ಯಾಯ ಮಾಡಿದ ಹಾಗೆ. ಉಳಿದದ್ದೆಲ್ಲ ಆಮೇಲೆ. ಖರ್ಚು ಎಷ್ಟು, ಎಷ್ಟು ದಿನ ಬೇಕು, ಬಸ್ಸಿನಲ್ಲಿ ಒಯ್ಯಬಹುದಾ, ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನೂರಾರು ಕೈ ಮುಟ್ಟಿದರೂ ಉಳಿಯುತ್ತದಾ? ಇನ್ನೊಂದು ಸಂಗತಿ ಬಹಳ ಜನ ಮರೆಯುತ್ತಾರೆ. ಪ್ರದರ್ಶನ ನಡೆಯುವುದು ಕೊಠಡಿಯೊಳಗೆ. ಟ್ಯೂಬ್‌ಲೈಟ್ ಬೆಳಕು, ತಲೆ ಮೇಲೆ ಫ್ಯಾನು. ಬಿಸಿಲು ನಂಬಿಕೊಂಡ ಮಾದರಿ ಅಲ್ಲಿ ಸುಮ್ನೆ ಕೂತಿರುತ್ತದೆ.

ಬೆಳಕಿನ ತಳ್ಳು ಎಷ್ಟು ಅನ್ನುವುದು ಗೊತ್ತಿಲ್ಲದೆ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಹಾಗಾಗಿ ಮೊದಲು ಅದನ್ನು ನೋಡೋಣ.

ಬೆಳಕು ಅಲೆಯ ಹಾಗೂ ನಡೆದುಕೊಳ್ಳುತ್ತದೆ, ಕಣದ ಹಾಗೂ ನಡೆದುಕೊಳ್ಳುತ್ತದೆ. ಅದರ ಕಣಕ್ಕೆ ಫೋಟಾನ್ ಅಂತ ಹೆಸರು. ಫೋಟಾನಿಗೆ ದ್ರವ್ಯರಾಶಿ ಇಲ್ಲ. ಆದರೂ ಅದಕ್ಕೆ ಸಂವೇಗ, ಅಂದರೆ ಚಲಿಸುವ ವಸ್ತುವಿಗಿರುವ ರಭಸ, ಇದೆ. ಯಾವುದಕ್ಕಾದರೂ ಬಡಿದರೆ ಅದನ್ನು ಚೂರು ತಳ್ಳುತ್ತದೆ. ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ಮಾಡಿರುತ್ತದೆ ಅನ್ನುವುದನ್ನು ಯೋಚಿಸಿದ ಕೆಪ್ಲರ್, ಸೂರ್ಯನಿಂದ ಏನೋ ತಳ್ಳುತ್ತಿದೆ ಅಂದುಕೊಂಡಿದ್ದ. 1873ರಲ್ಲಿ ಮ್ಯಾಕ್ಸ್‌ವೆಲ್ ಲೆಕ್ಕ ಹಾಕಿ ಬೆಳಕಿಗೆ ಒತ್ತಡ ಇರಲೇಬೇಕು ಅಂದರು. ರಷ್ಯಾದ ಲೆಬೆದೆವ್ 1900ರ ಹೊತ್ತಿಗೆ ಅದನ್ನು ಅಳೆದೇ ತೋರಿಸಿದರು. ಅದಕ್ಕೆ ಅವರು ಗಾಜಿನ ಪಾತ್ರೆಯಿಂದ ಗಾಳಿಯನ್ನು ಆದಷ್ಟೂ ಹೊರಗೆ ತೆಗೆಯಬೇಕಾಯಿತು.

ಗಾಳಿ ತೆಗೆಯದೆ ಯಾಕೆ ಆಗಲ್ಲ? ಭೂಮಿಯ ಹತ್ತಿರ ಬಾಹ್ಯಾಕಾಶದಲ್ಲಿ ಒಂದು ಚದರ ಮೀಟರಿನ ಕನ್ನಡಿಯಂಥ ಹಾಳೆ ಹಿಡಿದರೆ ಅದರ ಮೇಲೆ ಬಿಸಿಲಿನ ತಳ್ಳು ಸುಮಾರು 9 ಮೈಕ್ರೋನ್ಯೂಟನ್. ಅಂದರೆ ಬಲದ ಅಳತೆಯಾದ ನ್ಯೂಟನ್ನಿನ ಹತ್ತು ಲಕ್ಷದಲ್ಲಿ ಒಂಬತ್ತು ಪಾಲು. ಕಪ್ಪು ಹಾಳೆಯಾದರೆ ಅದರ ಅರ್ಧ. ನಾವು ಬೆಂಗಳೂರಿಗೆ ಹೋಗುವಾಗ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವುದು ಕಾಣುತ್ತದೆ ಅಲ್ವಾ? ಗಂಟೆಗೆ 18 ಕಿಲೋಮೀಟರ್ ವೇಗದ ಸಾಧಾರಣ ಗಾಳಿಯ ಒತ್ತಡವೇ ಬಿಸಿಲಿನ ಒತ್ತಡಕ್ಕಿಂತ ಹದಿನೈದು ಲಕ್ಷ ಪಟ್ಟಿಗೂ ಜಾಸ್ತಿ. ಅಂಥದ್ದರಲ್ಲಿ ಫ್ಯಾನ್ ತಿರುಗುವ ಕೋಣೆಯಲ್ಲಿ ಟಾರ್ಚ್ ಬಿಟ್ಟು ಹಾಳೆಯನ್ನು ತಳ್ಳಿ ತೋರಿಸುತ್ತೇನೆ ಅಂದರೆ ಆಗುವ ಮಾತಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಿನದನ್ನು ಓದಿ.

ಗಾಜಿನ ಬುರುಡೆಯ ಗಿರಗಿಟ್ಲೆ

ಎಲ್ಲರೂ ಮೊದಲು ಕೇಳುವುದು ಇದನ್ನೇ. ಇದಕ್ಕೆ ಕ್ರೂಕ್ಸ್ ರೇಡಿಯೋಮೀಟರ್ ಅನ್ನುತ್ತಾರೆ. ಬಲ್ಬಿನಂಥ ಗಾಜಿನ ಬುರುಡೆ, ಒಳಗೆ ಸೂಜಿ ಮೊನೆಯ ಮೇಲೆ ನಾಲ್ಕು ಪುಟ್ಟ ರೆಕ್ಕೆ. ಪ್ರತಿ ರೆಕ್ಕೆಯ ಒಂದು ಬದಿ ಕಪ್ಪು, ಇನ್ನೊಂದು ಬದಿ ಬಿಳಿ ಅಥವಾ ಬೆಳ್ಳಿ ಬಣ್ಣ. ಕಿಟಕಿ ಹತ್ತಿರ ಇಟ್ಟರೆ ಗಿರ್ರನೆ ತಿರುಗುತ್ತದೆ. ಆನ್‌ಲೈನಿನಲ್ಲಿ ತರಿಸಿದಾಗ ನಮಗೆ ಸಾವಿರ ರೂಪಾಯಿಯ ಮೇಲೆ ಬಿದ್ದಿತ್ತು.

ನಾನೂ ಅದನ್ನು ತರಿಸಿ, ಬೆಳಕು ತಳ್ಳುವುದಕ್ಕೆ ಇದೇ ಸಾಕ್ಷಿ ಅಂತ ಮಕ್ಕಳಿಗೆ ಹೇಳಿಕೊಟ್ಟೆ. ಚಾರ್ಟ್ ಬರೆಸಿದೆ. ಪ್ರದರ್ಶನದ ದಿನ ತೀರ್ಪುಗಾರರೊಬ್ಬರು ಬಗ್ಗಿ ನೋಡಿ, ಒಂಬತ್ತನೇ ಕ್ಲಾಸಿನ ಹುಡುಗಿಗೆ ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು. "ಬೆಳ್ಳಿ ಬದಿಗೆ ತಳ್ಳು ಜಾಸ್ತಿ ಅಂದೆಯಲ್ಲಮ್ಮ, ಹಾಗಿದ್ರೆ ಹಿಂದಕ್ಕೆ ಹೋಗಬೇಕಾದ್ದು ಯಾವ ಬದಿ?" ಅವಳು ರೆಕ್ಕೆಗಳನ್ನೇ ನೋಡುತ್ತಾ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, "ಮಿಸ್, ಇದು ಉಲ್ಟಾ ತಿರುಗ್ತೈತಲ್ರಿ" ಅಂದಳು. ಅವಳು ಹೇಳಿದ್ದು ಸರಿ. ನಾನು ಹೇಳಿಕೊಟ್ಟಿದ್ದು ತಪ್ಪು. ಆ ಹುಡುಗಿಯ ಮುಖ ನನಗೆ ಇನ್ನೂ ನೆನಪಿದೆ.

ಬೆಳಕಿನ ತಳ್ಳಿನಿಂದ ತಿರುಗುವುದಾದರೆ ಬೆಳ್ಳಿ ಬದಿ ಬೆಳಕಿನಿಂದ ದೂರ ಸರಿಯಬೇಕು. ಇಲ್ಲಿ ಸರಿಯುವುದು ಕಪ್ಪು ಬದಿ. ಬುರುಡೆಯೊಳಗೆ ಸ್ವಲ್ಪ ಗಾಳಿ ಉಳಿದಿರುತ್ತದೆ. ಕಪ್ಪು ಬದಿ ಬೆಳಕು ಹೀರಿ ಜಾಸ್ತಿ ಬಿಸಿಯಾಗುತ್ತದೆ. ಆ ಬಿಸಿಯ ವ್ಯತ್ಯಾಸಕ್ಕೆ ರೆಕ್ಕೆಯ ಅಂಚಿನಲ್ಲಿ ಗಾಳಿಯ ಅಣುಗಳು ಓಡಾಡಿ ಕಪ್ಪು ಬದಿಯನ್ನು ಹಿಂದಕ್ಕೆ ತಳ್ಳುತ್ತವೆ. ಗಾಳಿಯನ್ನು ಪೂರ್ತಿ ತೆಗೆದರೆ ಇದು ತಿರುಗುವುದೇ ಇಲ್ಲ. 1870ರ ದಶಕದಲ್ಲಿ ಇದನ್ನು ಮಾಡಿದ ವಿಲಿಯಂ ಕ್ರೂಕ್ಸ್ ಕೂಡ ಮೊದಲು ಬೆಳಕಿನ ತಳ್ಳು ಅಂತಲೇ ಅಂದುಕೊಂಡಿದ್ದರು.

ಹಾಗಂತ ಇದನ್ನು ಬಿಟ್ಟುಬಿಡಿ ಅನ್ನಲ್ಲ. ಶಾಲೆಯಲ್ಲಿ ಈಗಾಗಲೇ ಇದ್ದರೆ ತೆಗೆದುಕೊಂಡು ಹೋಗಿ. ಆದರೆ ಚಾರ್ಟಿನ ತಲೆಬರಹ ಬದಲಾಯಿಸಿ. "ಇದು ಬೆಳಕಿನ ತಳ್ಳು ಅಲ್ಲ, ಯಾಕೆ?" ಅಂತ ಬರೆಸಿ. ಬಿಸಿಲಿನಲ್ಲಿ ತಿರುಗಿಸಿ, ಆಮೇಲೆ ಫ್ರಿಜ್ಜಿನಲ್ಲಿ ಇಟ್ಟು ನೋಡಿ. ತಣ್ಣಗಾಗುವಾಗ ಅದು ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಅದನ್ನು ತೋರಿಸಿ ವಿವರಿಸುವ ಮಗು ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಇರುತ್ತದೆ. ಹೊಸದಾಗಿ ದುಡ್ಡು ಕೊಟ್ಟು ತರಿಸುವವರಿಗೆ ಮಾತ್ರ ಬೇಡ ಅನ್ನುತ್ತೇನೆ. ಕೊಠಡಿಯ ಎಲ್‌ಇಡಿ ಬೆಳಕಿಗೆ ಅದು ಸರಿಯಾಗಿ ತಿರುಗಲ್ಲ, ಒಡೆದರೆ ಅಲ್ಲಿಗೆ ಮುಗಿಯಿತು.

ಚೆಂಡು ಮತ್ತು ಗಾಡಿ

ಐದಾರನೇ ಕ್ಲಾಸಿನ ಮಕ್ಕಳಿದ್ದರೆ, ಎರಡೇ ದಿನ ಉಳಿದಿದ್ದರೆ, ಇದು ಸಾಕು. ಆಟದ ಗಾಡಿಯ ಮೇಲೆ ರಟ್ಟಿನ ಹಲಗೆ ನೆಟ್ಟಗೆ ನಿಲ್ಲಿಸಿ. ಪಿವಿಸಿ ಪೈಪನ್ನು ಇಳಿಜಾರಾಗಿ ಇಟ್ಟು ಅದರೊಳಗಿಂದ ರಬ್ಬರ್ ಚೆಂಡು ಬಿಡಿ. ಹಲಗೆಗೆ ಬಡಿದು ಚೆಂಡು ಹಿಂದಕ್ಕೆ ಪುಟಿಯುತ್ತದೆ, ಗಾಡಿ ಮುಂದೆ ಹೋಗುತ್ತದೆ. ಆಮೇಲೆ ಅಷ್ಟೇ ತೂಕದ ಜೇಡಿಮಣ್ಣಿನ ಉಂಡೆ ಬಿಡಿ. ಅದು ಅಂಟಿಕೊಳ್ಳುತ್ತದೆ. ಗಾಡಿ ಕಡಿಮೆ ದೂರ ಹೋಗುತ್ತದೆ. ಕನ್ನಡಿಯಂಥ ಹಾಯಿಗೆ ತಳ್ಳು ಯಾಕೆ ಜಾಸ್ತಿ, ಕಪ್ಪು ಹಾಯಿಗೆ ಯಾಕೆ ಕಡಿಮೆ ಅನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಒಂದು ಎಚ್ಚರಿಕೆ. ದೂರ ಸರಿಯಾಗಿ ಎರಡು ಪಟ್ಟು ಬರುವುದಿಲ್ಲ. ನೆಲದ ತಿಕ್ಕಾಟ, ಚೆಂಡು ಎಷ್ಟು ಪುಟಿಯಿತು, ಅಂಟಿಕೊಂಡ ಮಣ್ಣಿನ ತೂಕ ಎಲ್ಲ ಸೇರಿಕೊಳ್ಳುತ್ತದೆ. "ಪುಟಿದರೆ ತಳ್ಳು ಜಾಸ್ತಿ" ಅನ್ನುವಷ್ಟನ್ನು ಮಾತ್ರ ಮಗು ಹೇಳಲಿ. ಇದು ಹೋಲಿಕೆ ಅನ್ನುವುದನ್ನೂ ಹೇಳಲಿ. ಖರ್ಚು ನೂರು ರೂಪಾಯಿಯೊಳಗೆ.

ಸೋಲಾರ್ ಪ್ಯಾನೆಲ್ ಗಾಡಿ

ಇದನ್ನು ಸೌರ ಹಾಯಿ ಅಂತ ಹೆಸರಿಟ್ಟು ತರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಪ್ಯಾನೆಲ್ ಬೆಳಕಿನಿಂದ ಕರೆಂಟ್ ಮಾಡುತ್ತದೆ, ಕರೆಂಟ್ ಮೋಟರ್ ತಿರುಗಿಸುತ್ತದೆ. ಬೆಳಕು ಏನನ್ನೂ ತಳ್ಳಿ ಓಡಿಸುತ್ತಿಲ್ಲ. ಬಾಹ್ಯಾಕಾಶದಲ್ಲಿ ಇದಕ್ಕೆ ಹತ್ತಿರದ್ದು ಅಯಾನ್ ಎಂಜಿನ್. ಅದು ಪ್ಯಾನೆಲಿನ ಕರೆಂಟಿನಿಂದ ಝೆನಾನ್ ಅನಿಲದ ಅಯಾನುಗಳನ್ನು, ಅಂದರೆ ವಿದ್ಯುತ್ ಆವೇಶ ಇರುವ ಕಣಗಳನ್ನು, ರಭಸವಾಗಿ ಹಿಂದಕ್ಕೆ ಎಸೆಯುತ್ತದೆ. ಹಾಗೆ ಹೇಳಿ ತೋರಿಸುವುದಾದರೆ ಚೆನ್ನಾಗಿದೆ. ಮಗುವಿಗೆ ವೈರು, ಮೋಟರ್ ಇಷ್ಟ ಇದ್ದರೆ ಇದನ್ನೇ ಮಾಡಲಿ, ಹೆಸರು ಮಾತ್ರ ಸರಿ ಇರಲಿ. ಪ್ರದರ್ಶನದ ಕೊಠಡಿಯಲ್ಲಿ ಬಿಸಿಲು ಇರಲ್ಲ, ಜೊತೆಗೆ ಹಳೇ ಕಾಲದ ನೂರು ವ್ಯಾಟಿನ ಬಲ್ಬ್ ಒಯ್ಯಿರಿ.

ಮಡಿಸಿ ಬಿಚ್ಚುವ ಹಾಯಿ

ಒಂದು ತಿಂಗಳು ಸಮಯ ಇದ್ದರೆ, ಕೈಕೆಲಸ ಇಷ್ಟಪಡುವ ಇಬ್ಬರು ಮೂವರು ಮಕ್ಕಳಿದ್ದರೆ ಇದಕ್ಕೆ ಸಮನಾದದ್ದು ಇಲ್ಲ. ಸೌರ ಹಾಯಿಯ ನಿಜವಾದ ಕಷ್ಟ ಏನು ಅನ್ನುವುದು ಇದರಲ್ಲಿ ಗೊತ್ತಾಗುತ್ತದೆ. ತಳ್ಳು ಇಷ್ಟು ಕಡಿಮೆ ಇರುವುದರಿಂದ ಹಾಯಿ ಬಹಳ ದೊಡ್ಡದಿರಬೇಕು, ಬಹಳ ಹಗುರ ಇರಬೇಕು. ಆದರೆ ರಾಕೆಟ್ಟಿನ ತಲೆಯಲ್ಲಿ ಅದು ಹಿಡಿಯಬೇಕು. ಅಮೆರಿಕದ ಪ್ಲಾನೆಟರಿ ಸೊಸೈಟಿ 2019ರಲ್ಲಿ ಹಾರಿಸಿದ ಲೈಟ್‌ಸೇಲ್-2 ದೊಡ್ಡ ಬ್ರೆಡ್ ಪ್ಯಾಕೆಟ್ಟಿನಷ್ಟೇ ಇತ್ತು, ತೂಕ 5 ಕೆಜಿ. ಅದರೊಳಗಿಂದ 32 ಚದರ ಮೀಟರ್ ಹಾಯಿ ಬಿಚ್ಚಿಕೊಂಡಿತು. ಹಾಯಿಯ ದಪ್ಪ 4.5 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೂವರೆ ಪಾಲು. ಜಪಾನಿನ ಇಕಾರೋಸ್ 2010ರಲ್ಲಿ ಒಂದೊಂದು ಬದಿ 14 ಮೀಟರ್ ಇರುವ ಹಾಯಿ ಬಿಚ್ಚಿ ಶುಕ್ರ ಗ್ರಹದ ಪಕ್ಕದಲ್ಲಿ ಹಾದುಹೋಯಿತು. ಬಾಹ್ಯಾಕಾಶದಲ್ಲಿ ಬೆಳಕಿನ ತಳ್ಳಿಗೆ ಓಡಿ ತೋರಿಸಿದ ಮೊದಲ ಹಾಯಿ ಅದು.

ಇದನ್ನು ನಾವು ಮಾಡಿದ್ದು ಹೀಗೆ. ಹಾರ್ಡ್‌ವೇರ್ ಅಂಗಡಿಯಿಂದ ಮೂರು ಮೀಟರಿನ ಎರಡು ಸ್ಟೀಲ್ ಅಳತೆ ಟೇಪ್ ತಂದೆವು. ಅದರಲ್ಲಿ ತಲಾ ಒಂದು ಮೀಟರಿನ ನಾಲ್ಕು ತುಂಡು. ನಾಲ್ಕನ್ನೂ ಒಂದೇ ಮರದ ಉರುಳೆಗೆ ಸುತ್ತಿದೆವು. ಬಿಟ್ಟರೆ ನಾಲ್ಕು ದಿಕ್ಕಿಗೆ ಕೈ ಚಾಚಿದ ಹಾಗೆ ನೆಟ್ಟಗಾಗುತ್ತವೆ. ಲೈಟ್‌ಸೇಲಿನ ಕೋಲುಗಳೂ ಸುತ್ತಿಟ್ಟು ಬಿಚ್ಚುವ ಇಂಥವೇ. ಬಟ್ಟೆಗೆ ಬದಲು ಬೆಳ್ಳಿ ಬಣ್ಣದ ತೆಳು ಎಮರ್ಜೆನ್ಸಿ ಬ್ಲಾಂಕೆಟ್. ಅದನ್ನು ನಾಲ್ಕು ತ್ರಿಕೋನವಾಗಿ ಕತ್ತರಿಸಿ, ಸೀರೆಗೆ ನಿರಿಗೆ ಹಿಡಿದ ಹಾಗೆ ಮಡಿಸಿ ಕಟ್ಟಿದೆವು. ಮೊದಲ ಸಲ ಬಿಚ್ಚಿದಾಗ ಒಂದು ತ್ರಿಕೋನ ಸಿಕ್ಕಿಹಾಕಿಕೊಂಡು ಹರಿಯಿತು. ಎರಡನೇ ಸಲ ಉರುಳೆ ಅಷ್ಟು ವೇಗವಾಗಿ ತಿರುಗದ ಹಾಗೆ ಬೆರಳು ಒತ್ತಿ ಹಿಡಿದು ನಿಧಾನವಾಗಿ ಬಿಟ್ಟೆವು. ಐದನೇ ಸಲಕ್ಕೆ ಪೂರ್ತಿ ಅರಳಿತು. ನಾಲ್ಕು ದಿನದ ಆ ಜಗಳ, ಆ ನಿರಿಗೆ, ಅದೇ ಆ ಮಕ್ಕಳ ನಿಜವಾದ ಪಾಠ.

ಖರ್ಚು ಸುಮಾರು ಆರುನೂರು ರೂಪಾಯಿ. ಟೇಪಿನ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಕತ್ತರಿಸುವುದು ದೊಡ್ಡವರ ಕೆಲಸ. ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಮಡಿಸುವುದಕ್ಕೆ ಪ್ರತಿ ಸಲ ಇಪ್ಪತ್ತು ನಿಮಿಷ ಬೇಕು, ಹಾಗಾಗಿ ಬಂದವರಿಗೆಲ್ಲ ಬಿಚ್ಚಿ ತೋರಿಸಲು ಆಗಲ್ಲ. ಗಂಟೆಗೊಂದು ಸಲ ಅಂತ ಬೋರ್ಡ್ ಹಾಕಿ. ಇದರ ಕೊರತೆ ಇಷ್ಟೇ: ಹಾಯಿ ಬಿಚ್ಚಿಕೊಳ್ಳುವುದು ಕಾಣುತ್ತದೆ, ಬೆಳಕಿನ ತಳ್ಳು ಕಾಣಲ್ಲ.

ಹಗ್ಗ ಮತ್ತು ಮಂಡಕ್ಕಿ

ದುಡ್ಡೂ ಇಲ್ಲ, ಸಮಯವೂ ಇಲ್ಲ ಅನ್ನುವ ಶಾಲೆಗೆ ಅಂತ ಇದನ್ನು ಯೋಚಿಸಿದ್ದೆ. ಈಗ ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. ಇಪ್ಪತ್ತಮೂರು ಮೀಟರ್ ಹಗ್ಗ ಸಾಕು. ಮೈದಾನದಲ್ಲಿ ಒಂದೊಂದು ಬದಿ ಐದೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ ಇರುವ ಚೌಕ ಹಾಸಿ. ಲೈಟ್‌ಸೇಲ್-2ರ ಹಾಯಿ ಇಷ್ಟು ದೊಡ್ಡದು. ನಮ್ಮ ಒಂದು ಕ್ಲಾಸಿನ ಮಕ್ಕಳು ಅದರೊಳಗೆ ಆರಾಮವಾಗಿ ನಿಂತರು.

ಇಷ್ಟು ದೊಡ್ಡ ಹಾಯಿಗೆ ಬಿಸಿಲಿನ ತಳ್ಳು ಎಷ್ಟು? 32 ಚದರ ಮೀಟರ್, ಒಂದೊಂದಕ್ಕೆ 9 ಮೈಕ್ರೋನ್ಯೂಟನ್. ಲೆಕ್ಕ ಹಾಕಿದರೆ 30 ಮಿಲಿಗ್ರಾಂ ತೂಕ ಕೈ ಮೇಲೆ ಕೂತಷ್ಟು. ನಮ್ಮೂರಲ್ಲಿ ಮಂಡಕ್ಕಿಗೇನು ಬರ? ನೂರು ಕಾಳು ಎಣಿಸಿ ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು. ಒಂದೂವರೆ ಗ್ರಾಂ ಬಂತು. ಅಂದರೆ ಅಷ್ಟಗಲದ ಹಾಯಿಯ ಮೇಲೆ ಬಿಸಿಲಿನ ಭಾರ ಎರಡು ಕಾಳು ಮಂಡಕ್ಕಿ!

ಪಕ್ಕದಲ್ಲಿ ಇನ್ನೆರಡು ತೂಕ ಇಡಿ. ಮಂಗಳಯಾನದ ಮುಖ್ಯ ಎಂಜಿನ್ 440 ನ್ಯೂಟನ್, ಅಂದರೆ ಸಿಮೆಂಟ್ ಚೀಲಕ್ಕಿಂತ ಸ್ವಲ್ಪ ಕಡಿಮೆ ತೂಕ. ಪೂರ್ತಿ ಚೀಲ ಬೇಡ, ಖಾಲಿ ಚೀಲ ನಿಲ್ಲಿಸಿದರೆ ಸಾಕು. ಕ್ಷುದ್ರಗ್ರಹ ವೆಸ್ಟಾ ಮತ್ತು ಕುಬ್ಜ ಗ್ರಹ ಸೆರೆಸ್ ಎರಡನ್ನೂ ಸುತ್ತಿದ ನಾಸಾದ ಡಾನ್ ನೌಕೆಯ ಅಯಾನ್ ಎಂಜಿನ್ ಜಾಸ್ತಿ ಅಂದರೆ 90 ಮಿಲಿನ್ಯೂಟನ್ ತಳ್ಳುತ್ತಿತ್ತು. ಅದಕ್ಕೆ ಎರಡು ಎ4 ಹಾಳೆ. ಮೂರನೆಯದು ಎರಡು ಕಾಳು ಮಂಡಕ್ಕಿ.

ಈಗ ನೋಡುವವರು ಕೇಳಿಯೇ ಕೇಳುತ್ತಾರೆ. ಹಾಗಾದರೆ ಸಿಮೆಂಟ್ ಚೀಲ ಇರುವಾಗ ಮಂಡಕ್ಕಿ ಯಾಕೆ ಬೇಕು? ಮಗು ಉತ್ತರ ಕೊಡಬೇಕಾದ್ದು ಇಲ್ಲಿ. ಮಂಗಳಯಾನ ಹೊರಟಾಗ 1337 ಕೆಜಿ, ಅದರಲ್ಲಿ 852 ಕೆಜಿ ಬರೀ ಇಂಧನ. ಡಾನ್ ಬಹಳ ಮಿತವ್ಯಯಿ, ಆದರೂ 425 ಕೆಜಿ ಝೆನಾನ್ ಹೊತ್ತುಕೊಂಡೇ ಹೊರಟಿತ್ತು. ಹಾಯಿ ಇಂಧನವನ್ನೇ ಹೊರುವುದಿಲ್ಲ. ಎರಡು ಕಾಳಿನ ತಳ್ಳು 5 ಕೆಜಿ ನೌಕೆಯ ಮೇಲೆ ನೇರವಾಗಿ, ಬಿಡದೆ ಬಿದ್ದರೆ ಒಂದು ದಿನದಲ್ಲಿ ವೇಗ ಗಂಟೆಗೆ 18 ಕಿಲೋಮೀಟರ್ ಏರುತ್ತದೆ. ಸೈಕಲ್ ವೇಗ. ಒಂದು ತಿಂಗಳಿಗೆ 540. ಭೂಮಿ ಸುತ್ತುವಾಗ ನೆರಳೂ ಬರುತ್ತದೆ, ಹಾಯಿಯನ್ನು ಅತ್ತಿತ್ತ ತಿರುಗಿಸಬೇಕಾಗುತ್ತದೆ, ಹಾಗಾಗಿ ಇಷ್ಟು ಸಿಗಲ್ಲ. ಲೈಟ್‌ಸೇಲ್-2 ಸುಮಾರು 720 ಕಿಲೋಮೀಟರ್ ಎತ್ತರದಲ್ಲಿತ್ತು, ಅಲ್ಲಿನ ತೆಳು ಗಾಳಿ ಕೂಡ ಎಳೆದು ಎಳೆದು 2022ರ ನವೆಂಬರಿನಲ್ಲಿ ಅದು ಕೆಳಗೆ ಬಿದ್ದು ಉರಿದುಹೋಯಿತು. ನೆಲದಿಂದ ಮೇಲೇರಲು ರಾಕೆಟ್ಟೇ ಬೇಕು. ಗುರು ಗ್ರಹದ ಹತ್ತಿರ ಬಿಸಿಲು ಇಲ್ಲಿಯ 27ನೇ ಒಂದು ಪಾಲು, ಅಲ್ಲಿ ಹಾಯಿಗೆ ಬಲ ಸಾಲದು. ಬೇಗ ಹೋಗಬೇಕು, ಭಾರ ಒಯ್ಯಬೇಕು ಅಂದರೆ ಇಂಧನದ ಎಂಜಿನ್ನು. ಭಾರವೂ ಇದೆ, ಸಮಯವೂ ಇದೆ ಅಂದರೆ ಅಯಾನ್. ಪುಟ್ಟ ನೌಕೆ, ಸೂರ್ಯನ ಹತ್ತಿರದ ಕೆಲಸ, ವರ್ಷಗಟ್ಟಲೆ ತಳ್ಳುತ್ತಲೇ ಇರಬೇಕು ಅಂದರೆ ಹಾಯಿ.

ಇಡೀ ಮಾದರಿಗೆ ಐವತ್ತರಿಂದ ನೂರು ರೂಪಾಯಿ. ಕೊಠಡಿಯಲ್ಲಿ ಜಾಗ ಸಾಲದಿದ್ದರೆ ಹಗ್ಗವನ್ನು ಹೊರಗೆ ಹಾಸಿ, ತೂಕಗಳನ್ನು ಒಳಗೆ ಇಡಿ. ಮಂಡಕ್ಕಿಯನ್ನು ಫ್ಯಾನಿನ ಕೆಳಗೆ ಇಡಬೇಡಿ, ಹಾರಿ ಹೋಗುತ್ತದೆ. ಹಾರಿ ಹೋದರೂ ಅದನ್ನೇ ಪಾಠ ಮಾಡಬಹುದು. ಏನೂ ಚಲಿಸಲ್ಲ ಅನ್ನುವುದು ಇದರ ಕೊರತೆ. ತೀರ್ಪುಗಾರರು ದೂರದಿಂದ ನೋಡಿ ಮುಂದೆ ಹೋಗಬಹುದು. ಮಾತಾಡುವ ಮಗು ಬೇಕು. ನಾಚಿಕೆ ಸ್ವಭಾವದ ಮಗುವಾದರೆ ಚೆಂಡು ಗಾಡಿಯನ್ನೂ ಜೊತೆಗಿಡಿ, ಗಾಡಿ ಓಡಿದರೆ ಮಾತು ತಾನೇ ಶುರುವಾಗುತ್ತದೆ.

ಹೈಸ್ಕೂಲಿನವರು, ಶಾಲಾ ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರ ಕೊಡುವ ಇನ್ಸ್‌ಪೈರ್ ಅವಾರ್ಡಿನ ಹತ್ತು ಸಾವಿರ ರೂಪಾಯಿ ಬಂದಿರುವವರು ಬಿಚ್ಚುವ ಹಾಯಿ ಮತ್ತು ಮಂಡಕ್ಕಿ ಎರಡನ್ನೂ ಸೇರಿಸಿ ಮಾಡಿ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿದೆ. ವಿಷಯವನ್ನು ಚೆನ್ನಾಗಿ ಕಲಿಯಬೇಕು ಅನ್ನುವ ಟೀಚರುಗಳು ಚಳ್ಳಕೆರೆ ಹತ್ತಿರ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ನಡೆಯುವ ಶಿಕ್ಷಕರ ತರಬೇತಿಗೆ ಹೋಗಿ ಬನ್ನಿ.

ಯಾವುದನ್ನೇ ಆರಿಸಿದರೂ ಮೂರು ಪ್ರಶ್ನೆಗಳಿಗೆ ಮಗು ತಯಾರಿರಲಿ. ಇದು ಸೌರ ಮಾರುತವಾ? ಅಲ್ಲ, ಸೌರ ಮಾರುತ ಅಂದರೆ ಸೂರ್ಯನಿಂದ ಬರುವ ಕಣಗಳು, ಅದರ ಒತ್ತಡ ಬೆಳಕಿನದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ನಮ್ಮ ದೇಶ ಬಳಸಿದೆಯಾ? ಇನ್ಸಾಟ್ ಸರಣಿಯ ಕೆಲವು ಉಪಗ್ರಹಗಳಿಗೆ ಸೌರ ಫಲಕ ಇದ್ದದ್ದು ಒಂದೇ ಬದಿಗೆ. ಬಿಸಿಲಿನ ತಳ್ಳಿಗೆ ಉಪಗ್ರಹ ವಾಲಬಾರದು ಅಂತ ಇನ್ನೊಂದು ಬದಿಗೆ ಉದ್ದ ಕೋಲು, ಅದರ ತುದಿಗೆ ಪುಟ್ಟ ಸೌರ ಹಾಯಿ ಕಟ್ಟಿದ್ದರು. ಅದು ನೌಕೆ ಓಡಿಸಲು ಅಲ್ಲ, ಸಮತೋಲಕ್ಕೆ.

ಮೂರನೆಯದು ಚೆಂದದ ಪ್ರಶ್ನೆ. ಬೆಳಕು ಸೂರ್ಯನಿಂದ ಆಚೆಗೇ ತಳ್ಳುವುದಾದರೆ ಹಾಯಿ ಸೂರ್ಯನ ಕಡೆಗೆ ಹೇಗೆ ಹೋಗುತ್ತದೆ? ನಮ್ಮ ಹುಡುಗಿ ಇದಕ್ಕೆ ಬಾಯಲ್ಲಿ ಉತ್ತರ ಹೇಳಲಿಲ್ಲ. ಸೂರ್ಯನ ಬದಲು ಮೇಜಿನ ನಡುವೆ ಬಲ್ಬ್ ಹಚ್ಚಿ, ಹಾಯಿಯ ಬದಲು ಊಟದ ಸ್ಟೀಲ್ ತಟ್ಟೆಯನ್ನು ಎದೆಗೆ ಹಿಡಿದು, ಸೂರ್ಯನನ್ನು ಸುತ್ತುವ ನೌಕೆಯ ಹಾಗೆ ಮೇಜಿನ ಸುತ್ತ ನಡೆದಳು. ತಟ್ಟೆಯನ್ನು ಒಂದು ಕಡೆ ವಾಲಿಸಿದಾಗ ಬೆಳಕು ಅವಳ ಹಿಂದಿನ ಗೋಡೆಗೆ ಬಿತ್ತು. "ಈಗ ನನ್ನ ಮುಂದಕ್ಕೆ ತಳ್ತೈತ್ರಿ, ವೇಗ ಜಾಸ್ತಿ ಆಗ್ತೈತಿ, ದೂರ ಹೋಗ್ತೀನಿ." ಇನ್ನೊಂದು ಕಡೆ ವಾಲಿಸಿದಳು, ಬೆಳಕು ಅವಳ ಮುಂದಿನ ಗೋಡೆಗೆ ಬಂತು. "ಈಗ ನನ್ನ ತಡೀತೈತ್ರಿ. ವೇಗ ಕಡಿಮೆ ಆದ್ರೆ ಸೂರ್ಯನೇ ಎಳ್ಕೊಂತಾನೆ." ಹಾಗೆ ಹೇಳುತ್ತಾ ಸುತ್ತು ಚಿಕ್ಕದು ಮಾಡಿಕೊಂಡು ಬಲ್ಬಿನ ಹತ್ತಿರ ಬಂದು ನಿಂತಳು.